ಸರ್ವರ್ ಡಿಸ್ಕ್ ತುಂಬಿದೆ, ಪಕ್ಕದಲ್ಲೇ ಜಾಗ ಖಾಲಿ ಬಿದ್ದಿದೆ: ಸೇರಿಸಿಕೊಳ್ಳುವುದು ಹೇಗೆ?

2023ರ ಮೇ 13, ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ನಾನು ಆಗ ಕೆಲಸ ಮಾಡುತ್ತಿದ್ದ ಪುಟ್ಟ ಸುದ್ದಿತಾಣದಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಯಾವ ಸುದ್ದಿಯೂ ಸೇವ್ ಆಗುತ್ತಿಲ್ಲ. ಹಳೇ ಪುಟಗಳು ತೆರೆಯುತ್ತಿವೆ, ಹೊಸದು ಹೋಗುತ್ತಿಲ್ಲ. ಹ್ಯಾಕ್ ಮಾಡಿದ್ದಾರೆ ಅಂತ ಒಬ್ಬರು, ಟ್ರಾಫಿಕ್ ಜಾಸ್ತಿ ಆಗಿದೆ ಅಂತ ಇನ್ನೊಬ್ಬರು. ಇಂಜಿನಿಯರಿಂಗ್ ಓದಿದವನು ಅಂತ ಎಲ್ಲರೂ ನನ್ನ ಮುಖ ನೋಡಿದರು.

ಆಗಿದ್ದು ಇಷ್ಟೇ. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಬೇಸರದ ವಿಷಯ ಏನೆಂದರೆ, ಹಿಂದಿನ ವಾರವಷ್ಟೇ ನಾವು ಹೆಚ್ಚಿಗೆ ದುಡ್ಡು ಕಟ್ಟಿ 40 ಜಿಬಿ ಇದ್ದ ಡಿಸ್ಕನ್ನು 80 ಜಿಬಿ ಮಾಡಿಸಿದ್ದೆವು. ಹೊಸ 40 ಜಿಬಿ ಅಲ್ಲೇ ಖಾಲಿ ಬಿದ್ದಿತ್ತು. ಅದನ್ನು ಬಳಸಬಹುದು ಅಂತ ಸರ್ವರಿಗೆ ಯಾರೂ ಹೇಳಿರಲಿಲ್ಲ.

ಸ್ವತಂತ್ರ ಸುದ್ದಿತಾಣ, ಆರ್‌ಟಿಐ ದಾಖಲೆಗಳ ಸಂಗ್ರಹ, ಸಂಘಟನೆಯ ವೆಬ್‌ಸೈಟ್ ಅಂತ ನಿಮ್ಮಲ್ಲೂ ಹಲವರು ಬಾಡಿಗೆ ಸರ್ವರ್ ನಡೆಸುತ್ತಿರಬಹುದು. ನಾಲ್ಕೈದು ವರ್ಷದ ಕೆಲಸ ಅದರ ಮೇಲೆ ಕೂತಿರುತ್ತದೆ. ಅದಕ್ಕೇ ಈ ಕೆಲಸದ ಪೂರ್ತಿ ಕ್ರಮವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಜಮೀನು, ಬದು, ಉಳುಮೆ

ನಿಮ್ಮ ಹೊಲಕ್ಕೆ ಅಂಟಿಕೊಂಡ ಎರಡು ಎಕರೆ ಕೊಂಡಿರಿ ಅಂದುಕೊಳ್ಳಿ. ಜಮೀನು ನಿಮ್ಮದೇ. ಆದರೆ ನಡುವಿನ ಬದು ಕಿತ್ತು ಆಚೆ ಸರಿಸದೆ, ಆಮೇಲೆ ಉಳದೆ, ಅಲ್ಲಿ ಬೆಳೆ ಬರುವುದಿಲ್ಲ. ಸರ್ವರಿನಲ್ಲೂ ಹೀಗೇ ಮೂರು ಪದರ ಇವೆ. ಡಿಸ್ಕ್ ಅಂದರೆ ಜಮೀನು. ಪಾರ್ಟಿಷನ್ ಅಂದರೆ ಬದು, ಡಿಸ್ಕಿನ ಎಲ್ಲಿಂದ ಎಲ್ಲಿಯವರೆಗೆ ನಿಮ್ಮದು ಎಂಬ ಗಡಿ. ಫೈಲ್ ಸಿಸ್ಟಂ ಅಂದರೆ ಉಳುಮೆ, ಆ ಗಡಿಯೊಳಗೆ ಫೈಲ್ ಇಡಲು ಮಾಡಿಕೊಂಡ ವ್ಯವಸ್ಥೆ. ಯಾವ ಗಡಿಗೂ ಸೇರದ ಜಾಗವನ್ನೇ ಅನ್‌ಅಲೊಕೇಟೆಡ್ ಸ್ಪೇಸ್ ಅನ್ನುವುದು.

ಹೋಸ್ಟಿಂಗ್ ಕಂಪನಿ ಡಿಸ್ಕ್ ದೊಡ್ಡದು ಮಾಡಿದಾಗ ಬೆಳೆಯುವುದು ಮೊದಲ ಪದರ ಮಾತ್ರ. ಕೆಲವು ಕ್ಲೌಡ್ ಸರ್ವರುಗಳು ರೀಬೂಟ್ ಆದಾಗ ಉಳಿದೆರಡನ್ನೂ ತಾವೇ ಬೆಳೆಸುತ್ತವೆ. ನಮ್ಮದು ರೀಬೂಟ್ ಆಗಿರಲಿಲ್ಲ, ಬದು ಹಳೇ ಜಾಗದಲ್ಲೇ ಇತ್ತು.

ಮೊದಲು ನೋಡಿ, ಆಮೇಲೆ ಮುಟ್ಟಿ

ಲಿನಕ್ಸ್ ಸರ್ವರಿನಲ್ಲಿ "ಡಿಎಫ್ -ಎಚ್" ಕೊಟ್ಟರೆ ಫೈಲ್ ಸಿಸ್ಟಂ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತದೆ. "ಎಲ್‌ಎಸ್‌ಬಿಎಲ್‌ಕೆ" ಕೊಟ್ಟರೆ ಡಿಸ್ಕ್ ಎಷ್ಟು ದೊಡ್ಡದು, ಅದರಲ್ಲಿ ಯಾವ್ಯಾವ ಪಾರ್ಟಿಷನ್ ಇವೆ ಅಂತ ಕಾಣುತ್ತದೆ. ಡಿಸ್ಕ್ 80, ಪಾರ್ಟಿಷನ್ 40 ಅಂತ ಇದ್ದರೆ ಖಾಲಿ ಜಾಗ ಸಿಕ್ಕಿತು.

ಜೊತೆಗೆ ಇನ್ನೆರಡು ವಿಷಯ ನೋಡಿಕೊಳ್ಳಿ. "ಡಿಎಫ್ -ಐ" ಕೊಟ್ಟಾಗ ಐನೋಡ್ ನೂರು ಶೇಕಡಾ ತೋರಿಸಿದರೆ, ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಸೇರಿಕೊಂಡಿವೆ ಅಂತ ಅರ್ಥ. ಆಗ ಜಾಗ ಇದ್ದರೂ ಹೊಸ ಫೈಲ್ ಹುಟ್ಟುವುದಿಲ್ಲ. ಎರಡನೆಯದು, ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ವಾಪಸ್ ಬಂದಿಲ್ಲ ಅಂದರೆ, ಯಾವುದೋ ಪ್ರೋಗ್ರಾಂ ಅದನ್ನು ಇನ್ನೂ ತೆರೆದು ಹಿಡಿದಿರುತ್ತದೆ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಸಾಕು, ಡಿಸ್ಕ್ ಬೆಳೆಸುವ ಅಗತ್ಯವೇ ಬರದಿರಬಹುದು.

ಪ್ರತಿ ಇಲ್ಲದೆ ಬದು ಮುಟ್ಟಬೇಡಿ

ಪಾರ್ಟಿಷನ್ ಬೆಳೆಸುವುದು ಸಾಮಾನ್ಯವಾಗಿ ಸುರಕ್ಷಿತವೇ. ಆದರೆ ಒಂದು ಸಂಖ್ಯೆ ತಪ್ಪಿದರೆ ಇಡೀ ಸಂಗ್ರಹ ಹೋಗಬಹುದು. ಕ್ಲೌಡ್ ಸರ್ವರಾದರೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಡೇಟಾಬೇಸಿನ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಇಳಿಸಿಕೊಳ್ಳಿ. ನಾವು ಪ್ರತಿ ರಾತ್ರಿ ತೆಗೆಯುತ್ತಿದ್ದ ಬ್ಯಾಕಪ್ಪುಗಳೆಲ್ಲ ಅದೇ ಡಿಸ್ಕಿನಲ್ಲಿ ರಾಶಿ ಬಿದ್ದಿದ್ದವು. ಡಿಸ್ಕ್ ತುಂಬಿಸಿದ್ದೂ ಅವೇ. ಡಿಸ್ಕ್ ಹೋಗಿದ್ದರೆ ಬ್ಯಾಕಪ್ಪೂ ಜೊತೆಗೇ ಹೋಗುತ್ತಿತ್ತು.

ಲಿನಕ್ಸಿನಲ್ಲಿ ಕ್ರಮ

ಸಾದಾ ಪಾರ್ಟಿಷನ್ ಆದರೆ ಎರಡೇ ಹೆಜ್ಜೆ. ಮೊದಲನೆಯದು "ಗ್ರೋಪಾರ್ಟ್". ಅದಕ್ಕೆ ಡಿಸ್ಕಿನ ಹೆಸರು, ಒಂದು ಸ್ಪೇಸ್, ಆಮೇಲೆ ಪಾರ್ಟಿಷನ್ ಸಂಖ್ಯೆ ಕೊಡಬೇಕು. ಹೆಚ್ಚಿನವರು ಆ ಸ್ಪೇಸ್ ಮರೆತು ಎಡವುತ್ತಾರೆ. ಉಬುಂಟು, ಡೆಬಿಯನ್‌ನಲ್ಲಿ ಇದು "ಕ್ಲೌಡ್-ಗೆಸ್ಟ್-ಯುಟಿಲ್ಸ್" ಪ್ಯಾಕೇಜಿನಲ್ಲಿ ಸಿಗುತ್ತದೆ.

ಎರಡನೆಯದು ಫೈಲ್ ಸಿಸ್ಟಂ. ಅದು ಯಾವ ಬಗೆಯದು ಅಂತ "ಡಿಎಫ್ -ಟಿ" ಹೇಳುತ್ತದೆ (ಟಿ ದೊಡ್ಡಕ್ಷರ). ಇಎಕ್ಸ್‌ಟಿ4 ಆದರೆ "ರೀಸೈಜ್2ಎಫ್‌ಎಸ್" ಕೊಟ್ಟು ಪಾರ್ಟಿಷನ್ ಹೆಸರು ಕೊಡಿ. ಎಕ್ಸ್‌ಎಫ್‌ಎಸ್ ಆದರೆ "ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್" ಕೊಟ್ಟು, ಅದು ಮೌಂಟ್ ಆಗಿರುವ ಜಾಗದ ಹೆಸರು ಕೊಡಿ. ಎರಡನ್ನೂ ಸೈಟ್ ಓಡುತ್ತಿರುವಾಗಲೇ ಮಾಡಬಹುದು.

ಡಿಸ್ಕ್ ಪೂರ್ತಿ ತುಂಬಿದ್ದರೆ ಗ್ರೋಪಾರ್ಟ್ ಕೂಡ ಕೈಕೊಡುತ್ತದೆ, ಯಾಕೆಂದರೆ ಅದಕ್ಕೂ ತಾತ್ಕಾಲಿಕ ಫೈಲ್ ಬರೆಯಲು ಒಂಚೂರು ಜಾಗ ಬೇಕು. ನಮಗೆ ಆವತ್ತು ಆಗಿದ್ದು ಇದೇ. "ಆಪ್ಟ್ ಕ್ಲೀನ್" ಮಾಡಿ, ಹಳೇ ಲಾಗ್ ಅಳಿಸಿ ಕೆಲವು ಎಂಬಿ ಬಿಡಿಸಿಕೊಳ್ಳಿ. ಅದೂ ಆಗದಿದ್ದರೆ "ಟಿಎಂಪಿ" ಡೈರೆಕ್ಟರಿಯ ಮೇಲೆ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ, ತಾತ್ಕಾಲಿಕ ಫೈಲು ರ್‍ಯಾಮಿನಲ್ಲಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಮಾಡಿ.

"ಎಫ್‌ಡಿಸ್ಕ್" ಬಳಸಿ ಪಾರ್ಟಿಷನ್ ಅಳಿಸಿ ಮತ್ತೆ ಸೃಷ್ಟಿಸುವ ಹಳೇ ದಾರಿಯೂ ಇದೆ. ಅದರಲ್ಲಿ ಆರಂಭದ ಸೆಕ್ಟರ್ ಮೊದಲಿದ್ದ ಸಂಖ್ಯೆಯೇ ಇರಬೇಕು. ಕೊನೆಯ ಬದು ಸರಿಯಬಹುದು, ಮೊದಲ ಬದು ಅಲುಗಾಡಬಾರದು. ಗ್ರೋಪಾರ್ಟ್ ಸಿಗುವ ಕಡೆ ಈ ದಾರಿ ಹಿಡಿಯಬೇಡಿ.

ಎಲ್‌ವಿಎಂ ಇದ್ದರೆ

ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ "ಎಲ್‌ವಿಎಂ" ಅಂತ ಕಂಡರೆ ನಡುವೆ ಇನ್ನೊಂದು ಪದರ ಇದೆ. ಉಬುಂಟು ಸರ್ವರ್ ಇನ್‌ಸ್ಟಾಲರಿನಲ್ಲಿ ಇದರದ್ದೇ ಒಂದು ಕಥೆ. 20ರಿಂದ 200 ಜಿಬಿ ನಡುವಿನ ಡಿಸ್ಕ್ ಆದರೆ, ನೀವು ಬದಲಿಸದ ಹೊರತು, ಅದು ಅರ್ಧ ಜಾಗವನ್ನಷ್ಟೇ ಬಳಕೆಗೆ ಕೊಟ್ಟು ಉಳಿದರ್ಧ ಮೀಸಲಿಡುತ್ತದೆ. ಅಂದರೆ ದುಡ್ಡು ಕೊಟ್ಟು ಬೆಳೆಸುವ ಮೊದಲೇ ನಿಮ್ಮ ಹತ್ತಿರ ಜಾಗ ಇರಬಹುದು. "ವಿಜಿಎಸ್" ಕೊಟ್ಟು ವಿಫ್ರೀ ಅಂಕಣ ನೋಡಿ.

ಅಲ್ಲಿ ಜಾಗ ಇದ್ದರೆ "ಎಲ್‌ವಿಎಕ್ಸ್‌ಟೆಂಡ್" ಒಂದೇ ಸಾಕು. "-ಆರ್" ಸೇರಿಸಿದರೆ ಫೈಲ್ ಸಿಸ್ಟಮನ್ನೂ ಅದೇ ಬೆಳೆಸುತ್ತದೆ. ಜಾಗ ಹೊಸದಾಗಿ ಬಂದಿದ್ದರೆ ಮೊದಲು ಗ್ರೋಪಾರ್ಟ್, ಆಮೇಲೆ "ಪಿವಿರೀಸೈಜ್", ಕೊನೆಗೆ ಎಲ್‌ವಿಎಕ್ಸ್‌ಟೆಂಡ್.

ನಡುವೆ ಬೇರೆಯವರ ತುಂಡು ಇದ್ದರೆ

ಸಾದಾ ಪಾರ್ಟಿಷನ್ ಬೆಳೆಯಬೇಕಾದರೆ ಖಾಲಿ ಜಾಗ ಅದರ ಕೊನೆಗೆ ಅಂಟಿಕೊಂಡೇ ಇರಬೇಕು. ಹಳೇ ಲಿನಕ್ಸ್ ಸರ್ವರುಗಳಲ್ಲಿ ನಡುವೆ ಸ್ವಾಪ್ ಪಾರ್ಟಿಷನ್ ಕೂತಿರುತ್ತದೆ. ಅದನ್ನು "ಸ್ವಾಪ್‌ಆಫ್" ಮಾಡಿ, "ಎಫ್‌ಎಸ್‌ಟ್ಯಾಬ್" ಫೈಲಿನಲ್ಲಿ ಅದರ ಸಾಲು ತೆಗೆದು, ಅಳಿಸಿ, ಆಮೇಲೆ ಬೆಳೆಸಬಹುದು. ಸ್ವಾಪ್ ಬೇಕಿದ್ದರೆ ಫೈಲ್ ರೂಪದಲ್ಲಿ ಮತ್ತೆ ಮಾಡಿಕೊಳ್ಳಿ.

ವಿಂಡೋಸ್ ಸರ್ವರಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದರೆ ಗಡಿಯೂ ಫೈಲ್ ಸಿಸ್ಟಮೂ ಒಟ್ಟಿಗೆ ಬೆಳೆಯುತ್ತವೆ. ಹೊಸ ಜಾಗವೇ ಕಾಣದಿದ್ದರೆ ಮೊದಲು ರೀಸ್ಕ್ಯಾನ್ ಮಾಡಿ. ಆ ಆಯ್ಕೆ ಮಸುಕಾಗಿದ್ದರೆ ಹಲವು ಸಲ ಕಾರಣ ರಿಕವರಿ ಪಾರ್ಟಿಷನ್, ಸಿ ಡ್ರೈವಿಗೂ ಖಾಲಿ ಜಾಗಕ್ಕೂ ನಡುವೆ ಅದು ಅಡ್ಡ ಕೂತಿರುತ್ತದೆ. ಅದನ್ನು ಅಳಿಸುವ ಮೊದಲು "ರಿಏಜೆಂಟ್‌ಸಿ" ಕಮಾಂಡಿನಿಂದ ನಿಷ್ಕ್ರಿಯ ಮಾಡಬೇಕು.

ಇನ್ನೊಂದು ಮಿತಿಯೂ ಇದೆ. ಹಳೇ ಎಂಬಿಆರ್ ಮಾದರಿಯ ಡಿಸ್ಕ್ ಆದರೆ ಸಾಮಾನ್ಯವಾಗಿ 2 ಟಿಬಿ ದಾಟಿದ ಜಾಗ ಬಳಕೆಗೆ ಬರುವುದಿಲ್ಲ, ಅದಕ್ಕೆ ಜಿಪಿಟಿ ಬೇಕು.

ಬೆಳೆಸಿದ ಮೇಲೆ

ಮತ್ತೆ ಡಿಎಫ್ -ಎಚ್ ಕೊಡಿ. ಸಂಖ್ಯೆ ಬದಲಾಗದಿದ್ದರೆ ಮೂರರಲ್ಲಿ ಯಾವುದೋ ಪದರ ಬಿಟ್ಟುಹೋಗಿದೆ. ಬದಲಾಗಿದ್ದರೆ, ತುಂಬಿದ್ದು ಯಾಕೆ ಅಂತ ಹುಡುಕಿ. ಬೆಳೆಸುವುದು ಸುಲಭ, ವಾಪಸ್ ಕುಗ್ಗಿಸುವುದು ಕಷ್ಟ. ಎಕ್ಸ್‌ಎಫ್‌ಎಸ್ ಅಂತೂ ಕುಗ್ಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಬಾಡಿಗೆ ಒಮ್ಮೆ ಏರಿದರೆ ಇಳಿಯುವುದೂ ಕಷ್ಟ.

ಆವತ್ತು ನಮ್ಮ ಸೈಟ್ ಮತ್ತೆ ಸುದ್ದಿ ತೆಗೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು, ಕಾಂಗ್ರೆಸ್ ಮುನ್ನಡೆಯಲ್ಲಿತ್ತು. ವರ್ಷಗಟ್ಟಲೆ ಕಾದ ದಿನವೇ ನಮ್ಮ ಓದುಗರು ಬೇರೆ ಕಡೆ ಹೋಗಿದ್ದರು. ಮಾರನೇ ದಿನ ಎರಡು ಕೆಲಸ ಮಾಡಿದೆವು. ಬ್ಯಾಕಪ್ಪುಗಳನ್ನು ಬೇರೆ ಯಂತ್ರಕ್ಕೆ ಸಾಗಿಸಿದೆವು, ಡಿಸ್ಕ್ ಶೇ 80 ದಾಟಿದರೆ ಎಲ್ಲರ ಫೋನಿಗೂ ಮೆಸೇಜ್ ಬರುವ ಹಾಗೆ ಮಾಡಿದೆವು. ನಿಮ್ಮ ಸರ್ವರಿನಲ್ಲಿ ಇವೆರಡೂ ಇವೆಯಾ ಅಂತ ಇವತ್ತೇ ನೋಡಿ, ಮುಂದಿನ ಎಣಿಕೆಯ ದಿನದವರೆಗೆ ಕಾಯಬೇಡಿ.