ನಿಮಿಷ ಎಣಿಸಿದವರು ಯಾರು?

ಕಬಿನಿ ಹೊಳೆಯ ಈ ದಡದಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಡಿ.ಬಿ.ಕುಪ್ಪೆ, ಆ ದಡದಲ್ಲಿ ವಯನಾಡಿನ ಪೆರಿಕ್ಕಲ್ಲೂರು. ನಡುವೆ ದೋಣಿ. ಮನುಷ್ಯ ಆಚೆಗೆ ಹೋಗಬೇಕಾದರೆ ದೋಣಿಗೆ ಕಾಯಬೇಕು, ಕಾಸು ಕೊಡಬೇಕು. ಮೊಬೈಲಿಗೆ ಆ ತಾಪತ್ರಯವಿರಲಿಲ್ಲ. ಇಂಥ ಗಡಿಯೂರುಗಳಲ್ಲಿ ಕರ್ನಾಟಕದ ಸಿಗ್ನಲ್ ಸೊರಗಿತೆಂದರೆ, ಜಗಲಿಯ ಮೇಲೆ ಕೂತವನ ಜೇಬಿನಲ್ಲಿದ್ದ ಫೋನು ತಾನಾಗಿಯೇ ಕೇರಳದ ಟವರನ್ನು ಹಿಡಿದುಬಿಡುತ್ತಿತ್ತು. ಕಂಪನಿಯ ಲೆಕ್ಕದಲ್ಲಿ ಅವನು ಆಗ ಹೊರರಾಜ್ಯದಲ್ಲಿದ್ದ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ರೋಮಿಂಗ್ ದರಗಳನ್ನು ಇಳಿಸಿದ ಮೇಲೂ, ರೋಮಿಂಗಿನಲ್ಲಿ ಬಂದ ಕರೆ ಎತ್ತಿದ್ದಕ್ಕೆ ನಿಮಿಷಕ್ಕೆ ₹1.75ರವರೆಗೆ ಕತ್ತರಿಸಲು ಅವಕಾಶವಿತ್ತು. ಊರು ಬಿಟ್ಟು ಕದಲದವನಿಗೆ ಪ್ರಯಾಣದ ಖರ್ಚು!

‘ನಾನು ಮಾತಾಡಿದ್ದೇ ಅಷ್ಟಿಲ್ಲ ಸ್ವಾಮಿ’ ಎಂಬ ತಕರಾರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಜನರಿಗೆ ಮೊಬೈಲಿನಿಂದ ಬಂದ ಹೊಸ ತಲೆನೋವಲ್ಲ. ಅದು ಫೋನಿನ ಜೊತೆಗೇ ಬಂದದ್ದು. ಯಂತ್ರ ಬದಲಾಗಿದೆ, ದರ ಬದಲಾಗಿದೆ, ದೂರು ಕೇಳುವ ಕಚೇರಿ ಬದಲಾಗಿದೆ. ಜಗಳದ ಬುಡ ಮಾತ್ರ ಬದಲಾಗಿಲ್ಲ. ಮಾತಾಡುವವನು ಇಲ್ಲಿ, ಅವನ ಮಾತನ್ನು ಎಣಿಸುವವರು ಇನ್ನೆಲ್ಲೋ.

ಟ್ರಂಕ್ ಕಾಲ್ ಕಾಲದಲ್ಲಿ ಎಣಿಸುತ್ತಿದ್ದವರು ಮನುಷ್ಯರೇ. ಊರಾಚೆಗೆ ಮಾತಾಡಬೇಕೆಂದರೆ ಕರೆ ಬುಕ್ ಮಾಡಿ ಕಾದು ಕೂರಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅವಸರಕ್ಕೆ ತಕ್ಕ ದರ. ಇಂಥವರೇ ಬರಬೇಕು ಎಂದರೆ ಪಿ.ಪಿ. ಕಾಲ್, ಅದಕ್ಕೆ ಬೇರೆ ದುಡ್ಡು. ಮೂರು ನಿಮಿಷವಾದೊಡನೆ ಆಪರೇಟರ್ ನಡುವೆ ಬಾಯಿ ಹಾಕಿ ಎಚ್ಚರಿಸುತ್ತಿದ್ದರು, ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅರ್ಧ ಸಮಯ ‘ಹಲೋ, ಕೇಳ್ತಿದೆಯಾ’ ಎಂದು ಕೂಗುವುದರಲ್ಲೇ ಕಳೆದಿದ್ದರೂ ಚೀಟಿಗೆ ಅದೆಲ್ಲ ಮಾತೇ. ಆದರೂ ಎಣಿಸಿದವರ ದನಿ ಕಿವಿಗೆ ಬಿದ್ದಿರುತ್ತಿತ್ತು. ಜಗಳವಾಡಲು ಎದುರಿಗೊಬ್ಬರು ಇದ್ದರು.

ಆಪರೇಟರ್ ನೆರವಿಲ್ಲದೆ ಊರಾಚೆಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ದೇಶದಲ್ಲಿ ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಹಳ್ಳಿಗಾಡಿಗೆ ಅದು ಬರಲು ಇನ್ನೂ ಕಾಲು ಶತಮಾನವೇ ಬೇಕಾಯಿತು. ಸ್ಯಾಮ್ ಪಿತ್ರೋಡ ಅವರ ಮುಂದಾಳತ್ವದ ಸಿ-ಡಾಟ್ ಸಂಸ್ಥೆ 128 ಲೈನುಗಳ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. 1986ರಲ್ಲಿ ಅಂಥ ಮೊದಲ ಎಕ್ಸ್‌ಚೇಂಜ್ ನಿಂತದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಹುಣಸೂರಿಗೆ 08222, ಪಿರಿಯಾಪಟ್ಟಣಕ್ಕೂ ಕೆ.ಆರ್.ನಗರಕ್ಕೂ 08223, ಎಚ್.ಡಿ.ಕೋಟೆಗೆ 08228 ಎಂಬ ಎಸ್‌ಟಿಡಿ ಅಂಕಿಗಳು ಲಗ್ನಪತ್ರಿಕೆಗಳ ಮೂಲೆಯಲ್ಲಿ ಕಾಣಿಸಿಕೊಂಡವು.

ಅನುಕೂಲದ ಜೊತೆಗೇ ಅನುಮಾನವೂ ಬಂತು.

ಹಳೆಯ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಫೋನಿಗೂ ಒಂದೊಂದು ಪುಟ್ಟ ಮೀಟರು. ಗೋಡೆಯುದ್ದದ ಚೌಕಟ್ಟಿನಲ್ಲಿ ಸಾಲುಸಾಲು. ಊರಿನೊಳಗೇ ಮಾತಾಡಿದರೆ ಒಂದು ಅಂಕಿ ಮುಂದೆ ಹೋಗಲು ನಿಮಿಷಗಳೇ ಬೇಕು. ಬೆಂಗಳೂರಿಗೋ ಬೊಂಬಾಯಿಗೋ ಮಾತಾಡಿದರೆ ಸೆಕೆಂಡುಗಳ ಲೆಕ್ಕದಲ್ಲಿ ಟಕ್ ಟಕ್ ಎಂದು ಓಡುತ್ತದೆ. ಮೀಟರುಗಳ ಫೋಟೊ ತೆಗೆದು, ಹಿಂದಿನ ಅಂಕಿಯನ್ನು ಈಗಿನ ಅಂಕಿಯಿಂದ ಕಳೆದರೆ ಬಿಲ್ಲು ತಯಾರು. ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ ಆ ಕಾಗದದಲ್ಲಿ ಯಾರಿಗೆ, ಯಾವತ್ತು, ಎಷ್ಟು ಹೊತ್ತು ಎಂಬ ವಿವರವೇ ಇಲ್ಲ. ಎರಡು ಸಂಖ್ಯೆ, ಒಂದು ಮೊತ್ತ, ಅಷ್ಟೇ. ಬಿಲ್ಲು ಏಕಾಏಕಿ ಏರಿದರೆ ಮನೆಯವರು ಮೊದಲು ಮಕ್ಕಳನ್ನು ಗದರಿಸುತ್ತಿದ್ದರು, ಆಮೇಲೆ ಅಕ್ಕಪಕ್ಕದವರನ್ನು ಸಂಶಯಿಸುತ್ತಿದ್ದರು, ಕೊನೆಗೆ ಕಂಬದ ಮೇಲಿನ ಡಬ್ಬಿಯನ್ನು. ಅಲ್ಲಿ ಇನ್ನೊಂದು ತಂತಿ ಸಿಕ್ಕಿಸಿ ಬೇರೆಯವರ ಲೈನಿನಲ್ಲಿ ಮಾತಾಡಬಹುದೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಇದಕ್ಕೆ ಜನ ಕಂಡುಕೊಂಡ ಮದ್ದು ಬೀಗ. ಡಯಲ್ಲಿನ ತೂತಿಗೆ ಸಿಕ್ಕಿಸುವ ಗೇಣುದ್ದವೂ ಇಲ್ಲದ ಬೀಗ, ಇಲ್ಲವೇ ಇಡೀ ಫೋನನ್ನೇ ನುಂಗುವ ಮರದ ಪೆಟ್ಟಿಗೆ. ಚತುರ ಹುಡುಗರು ಡಯಲ್ ಮುಟ್ಟದೆ, ರಿಸೀವರ್ ಇಡುವ ಗುಂಡಿಯನ್ನೇ ಲೆಕ್ಕವಿಟ್ಟು ಕುಟ್ಟಿ ನಂಬರ್ ಹಚ್ಚುವುದನ್ನು ಕಲಿತರು. ಲೆಕ್ಕದ ಮನುಷ್ಯರು ಗೋಡೆಯ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಎಸ್‌ಟಿಡಿ ಕರೆಗಳನ್ನೂ ಗುರುತು ಹಾಕಿಕೊಂಡರು. ಇಲಾಖೆಯ ಭಾಷೆಯಲ್ಲಿ ಇಂಥ ದೂರಿನ ಹೆಸರು ‘ಎಕ್ಸೆಸ್ ಮೀಟರಿಂಗ್’. ತನಿಖೆ ಮುಗಿಯುವವರೆಗೆ ಹಿಂದಿನ ಆರು ಬಿಲ್ಲುಗಳ ಸರಾಸರಿಗೆ ಶೇ. 10 ಸೇರಿಸಿ ಕಟ್ಟಿಸಿಕೊಂಡು ಲೈನ್ ಉಳಿಸುವ ಪದ್ಧತಿಯೂ ಇತ್ತು. ಆದರೆ ತನಿಖೆ ಮಾಡುವವರು ಮೀಟರಿನ ಒಡೆಯರೇ. ಕ್ಯಾಲೆಂಡರಿನ ಗುರುತಿಗೆ ಅವರ ಮುಂದೆ ಎಷ್ಟು ಬೆಲೆ?

ಈ ಸೀಮೆಯ ರೈತನಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇದು ವರ್ಜೀನಿಯಾ ಹೊಗೆಸೊಪ್ಪಿನ ನಾಡು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ರಾವಂದೂರು, ಎಚ್.ಡಿ.ಕೋಟೆಯ ಮಾರುಕಟ್ಟೆಗಳಲ್ಲಿ ಬೇಲು ತಕ್ಕಡಿಗೇರುವಾಗ ಬೆಳೆಗಾರ ಪಕ್ಕದಲ್ಲೇ ನಿಲ್ಲುತ್ತಾನೆ. ತೂಕ ಕಣ್ಣಿಗೆ ಕಾಣುತ್ತದೆ, ಹರಾಜಿನ ದರ ಬೇಲಿನ ಮೇಲಿನ ಚೀಟಿಗೆ ಬೀಳುತ್ತದೆ. ದರ ಕಮ್ಮಿಯಾಯಿತೆಂದರೆ ಅಲ್ಲೇ ಹರಾಜು ನಿಲ್ಲಿಸಿ ಗಲಾಟೆ ಎಬ್ಬಿಸಬಹುದು. ಟೆಲಿಫೋನಿನ ತಕ್ಕಡಿಯ ಮುಂದೆ ನಿಂತ ಗಿರಾಕಿ ಯಾರೂ ಇಲ್ಲ.

ಆ ತಕ್ಕಡಿಯನ್ನು ಮೊದಲ ಬಾರಿಗೆ ಗಿರಾಕಿಯ ಕಣ್ಣೆದುರು ತಂದಿಟ್ಟದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಗಾಜಿನ ಗೂಡಿನೊಳಗೆ ಮಾತು, ಮೇಲೆ ಕೆಂಪು ಅಂಕಿಗಳ ಓಟ, ಮುಗಿದೊಡನೆ ಕರ್ರೆಂದು ಹೊರಬೀಳುವ ಚೀಟಿ. ಮಾತಿಗಿಂತ ಅಂಕಿಯ ಮೇಲೇ ಹೆಚ್ಚು ಗಮನವಿಟ್ಟು, ‘ಇಡ್ತೀನಿ, ಇಡ್ತೀನಿ’ ಎನ್ನುತ್ತಲೇ ಸುದ್ದಿ ಹೇಳಿ ಮುಗಿಸುವ ಕಲೆ ಅಲ್ಲಿ ಬೆಳೆಯಿತು. ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟನ್ನರಿಗೆ ಬಂಧುಗಳು ದೇಶವಿದೇಶಗಳಲ್ಲಿ ಚದುರಿದ್ದರು. ಅವರಿಗೆ ಆ ಕೆಂಪು ಅಂಕಿಗಳ ಓಟ ಇನ್ನೂ ಜೋರು. ಮುಂದೆ ಹತ್ತಿರದ ಜಿಲ್ಲೆಗಳಿಗೆ ಸೊನ್ನೆಯ ಬದಲು 95 ಒತ್ತಿದರೆ ಸಾಕೆಂದಾಯಿತು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್‌ನ ‘ಒನ್ ಇಂಡಿಯಾ’ ಯೋಜನೆ ಬಂದು, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ. ದೂರಕ್ಕೆ ದುಡ್ಡು ಎಂಬ ಲೆಕ್ಕ ಮುಗಿಯುತ್ತಾ ಬಂತು.

ಅಷ್ಟರಲ್ಲಿ ಮೊಬೈಲು ಬಂದಿತ್ತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖರಾಮ್ ಅವರಿಗೆ ಮೊದಲ ಕರೆ ಮಾಡಿದ ದಿನಗಳಲ್ಲಿ ಒಂದು ನಿಮಿಷದ ಮಾತಿಗೆ ₹16.80ರವರೆಗೂ ದರವಿತ್ತು, ಬಂದ ಕರೆಗೂ ದುಡ್ಡು. ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ 2002ರ ಅಕ್ಟೋಬರಿನಲ್ಲಿ ಆರಂಭವಾಯಿತು, 2003ರ ಮೇ 1ರಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಆಗ ತಾಲ್ಲೂಕು ಕೇಂದ್ರಗಳ ಅಂಗಡಿ ಮುಂದೆಲ್ಲ ‘ಕರೆನ್ಸಿ’ ಎಂಬ ಹೊಸ ಪದ ಹುಟ್ಟಿತು. ಪ್ರೀಪೇಯ್ಡ್ ಸಿಮ್ಮಿನೊಳಗಿನ ದುಡ್ಡಿಗೆ ಕನ್ನಡಿಗರು ಇಟ್ಟ ಹೆಸರು ಅದು. ಕರೆನ್ಸಿ ಹಾಕಿಸುವುದು, ಕರೆನ್ಸಿ ಖಾಲಿಯಾಗುವುದು, ಕರೆನ್ಸಿ ಕಟ್ಟಾಗುವುದು. ಕಾಗದದ ಬಿಲ್ಲು ಬರುವುದೇ ನಿಂತಿತು. ಬಿಲ್ಲೇ ಇಲ್ಲದ ಮೇಲೆ ಬಿಲ್ಲಿನ ತಕರಾರು ತೆಗೆಯುವುದು ಹೇಗೆ?

ಕಟ್ಟಾಗುವ ದಾರಿಗಳು ಹಲವು. ನಿಮಿಷದ ಲೆಕ್ಕದಲ್ಲಿ 61 ಸೆಕೆಂಡಿನ ಮಾತು ಎರಡು ನಿಮಿಷ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೊಂದು ಪೈಸೆ ಎಂದು ಮಾರುಕಟ್ಟೆಗೆ ಬಂದ ಮೇಲೆ ಉಳಿದವರೂ ಆ ದಾರಿ ಹಿಡಿಯಬೇಕಾಯಿತು. ಅದಕ್ಕಿಂತ ಕಾಡಿದ್ದು ಕೇಳದೆ ಅಂಟಿಕೊಳ್ಳುವ ಸೇವೆಗಳು: ಕಾಲರ್ ಟ್ಯೂನ್, ಜ್ಯೋತಿಷ, ಕ್ರಿಕೆಟ್ ಸ್ಕೋರು, ಜೋಕು. ಪರದೆ ಮೇಲೆ ಮೂಡಿದ ಸಂದೇಶವನ್ನು ಓದಲಾಗದೆ ಅಳಿಸಲು ಹೋಗಿ ‘ಓಕೆ’ ಒತ್ತಿದರೂ ಸಾಕು, ಹಾಕಿಸಿದ ಕರೆನ್ಸಿಯಲ್ಲಿ ಮೂವತ್ತು ರೂಪಾಯಿ ಮಾಯ. ಮಾರನೆಯ ತಿಂಗಳು ಮತ್ತೆ ಮೂವತ್ತು. ಅದಕ್ಕಾಗಿ ಮೈಸೂರಿನ ಬಸ್ಸು ಹತ್ತಿದರೆ ಟಿಕೆಟ್ಟೇ ಅದಕ್ಕಿಂತ ಹೆಚ್ಚು. ಜನ ರೀಚಾರ್ಜ್ ಅಂಗಡಿಯ ಹುಡುಗನ ಮೇಲೆ ರೇಗಿ ಸುಮ್ಮನಾಗುತ್ತಿದ್ದರು. ಆ ಹುಡುಗನೇ ಫೋನು ತೆಗೆದುಕೊಂಡು ಅದೇನೋ ಸಂದೇಶ ಕಳಿಸಿ ಸೇವೆ ನಿಲ್ಲಿಸಿಕೊಡುತ್ತಿದ್ದ. ಹಳ್ಳಿಯ ಮಟ್ಟಿಗೆ ದೂರು ನಿವಾರಣಾ ಅಧಿಕಾರಿ ಎಂದರೆ ಅವನೇ.

ಟ್ರಾಯ್ 2012ರ ಜನವರಿಯಲ್ಲಿ ತಂದ ನಿಯಮಗಳು ಈ ಆಟಕ್ಕೆ ಸ್ವಲ್ಪ ಲಗಾಮು ಹಾಕಿದವು. ಪ್ರತಿ ದೂರಿಗೂ ಡಾಕೆಟ್ ನಂಬರ್ ಕೊಡಬೇಕು. ಸಮಾಧಾನವಾಗದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಖರ್ಚಿಲ್ಲದೆ ಹೋಗಬಹುದು, ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ಪ್ರೀಪೇಯ್ಡ್ ಗ್ರಾಹಕ ಕೇಳಿದರೆ ₹50 ಮೀರದ ಶುಲ್ಕಕ್ಕೆ ಹಿಂದಿನ ಆರು ತಿಂಗಳೊಳಗಿನ ಕರೆಗಳ ಪೂರ್ತಿ ವಿವರ ಕೊಡಬೇಕು. ಅಂತೂ ಎಣಿಕೆಯ ಪುಸ್ತಕ ಗಿರಾಕಿಯ ಕಣ್ಣಿಗೂ ಬೀಳುವಂತಾಯಿತು. 2013ರ ಜುಲೈನಲ್ಲಿ ಇನ್ನೊಂದು ಆದೇಶ: ಹೆಚ್ಚುವರಿ ಸೇವೆ ಶುರುಮಾಡಲು ಗ್ರಾಹಕನ ಒಪ್ಪಿಗೆಯನ್ನು ಎರಡನೇ ಸಲವೂ ಪಡೆಯಬೇಕು, ನಿಲ್ಲಿಸಲು 155223 ಎಂಬ ಪುಕ್ಕಟೆ ಸಂಖ್ಯೆ ಇರಬೇಕು.

ಕಂಪನಿಯೇ ಜಗ್ಗದಿದ್ದರೆ ಎಲ್ಲಿಗೆ ಹೋಗುವುದು? ಇಲ್ಲಿ ಕಥೆ ಸ್ವಾತಂತ್ರ್ಯಪೂರ್ವದ ಒಂದು ಕಾಯ್ದೆಯಲ್ಲಿ ಸಿಕ್ಕಿಕೊಂಡಿತ್ತು. 1885ರ ಟೆಲಿಗ್ರಾಫ್ ಕಾಯ್ದೆಗೆ ಆಮೇಲೆ ಸೇರಿದ 7ಬಿ ಕಲಮಿನ ಪ್ರಕಾರ ಇಂಥ ವ್ಯಾಜ್ಯವನ್ನು ಕೇಂದ್ರ ಸರ್ಕಾರ ನೇಮಿಸುವ ಮಧ್ಯಸ್ಥಗಾರರೇ ಬಗೆಹರಿಸಬೇಕು. ಫೋನು ನಡೆಸುತ್ತಿದ್ದದ್ದೂ ಅದೇ ಸರ್ಕಾರದ ಇಲಾಖೆ. 1986ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಜನ ಜಿಲ್ಲಾ ಗ್ರಾಹಕ ವೇದಿಕೆಗಳ ಬಾಗಿಲು ತಟ್ಟಿದರು. ಆದರೆ ಕೇರಳದ ಕಲ್ಲಿಕೋಟೆ ಕಡೆಯ ಪ್ರಕರಣವೊಂದರಲ್ಲಿ, ಕಡಿತಗೊಂಡ ಫೋನನ್ನು ಮರಳಿ ಕೊಡಿಸಿ ₹5,000 ಪರಿಹಾರ ಕೊಡಬೇಕೆಂದಿದ್ದ ವೇದಿಕೆಯ ಆದೇಶವನ್ನು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 1ರಂದು ಒಪ್ಪಲಿಲ್ಲ. 7ಬಿ ಇರುವಾಗ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಎಂದಿತು. ಖಾಸಗಿ ಮೊಬೈಲ್ ಕಂಪನಿಗಳೂ ಇದೇ ತೀರ್ಪನ್ನು ಗುರಾಣಿ ಮಾಡಿಕೊಂಡವು.

ಆ ಗುರಾಣಿ ಸೀಳಿದ್ದು ಅಹಮದಾಬಾದಿನ ಒಂದು ಬಿಲ್ಲು. ತಿಂಗಳಿಗೆ ₹249 ಬಾಡಿಗೆಯ ಪೋಸ್ಟ್‌ಪೇಯ್ಡ್ ಸಂಪರ್ಕ, ಸರಾಸರಿ ಬಿಲ್ಲು ₹555. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಬಿಲ್ಲು ₹24,609.51 ಬಂತೆಂಬುದು ಗ್ರಾಹಕರ ದೂರು. ಅವರು 2014ರಲ್ಲಿ ಗ್ರಾಹಕ ವೇದಿಕೆಗೆ ಹೋದರು. ವೇದಿಕೆಗೆ ಇದನ್ನು ಕೇಳುವ ಅಧಿಕಾರವೇ ಇಲ್ಲವೆಂದು ಕಂಪನಿ ಮೆಟ್ಟಿಲು ಮೆಟ್ಟಿಲಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರುವರಿ 16ರಂದು ನ್ಯಾಯಮೂರ್ತಿ ಡಿ.ವೈ.ಚಂದ್ರಚೂಡ್ ಅವರಿದ್ದ ಮೂವರ ಪೀಠ, ಟೆಲಿಗ್ರಾಫ್ ಕಾಯ್ದೆ ಗ್ರಾಹಕರ ದಾರಿಗೆ ಅಡ್ಡ ಬರುವುದಿಲ್ಲ ಎಂದು ತೀರ್ಪಿತ್ತಿತು. ಬಿಲ್ಲು ಸರಿಯೋ ತಪ್ಪೋ ಎಂಬುದಲ್ಲ, ಅದನ್ನು ಯಾರು ಕೇಳಬೇಕೆಂಬುದು ಇತ್ಯರ್ಥವಾಗಲು ಎಂಟು ವರ್ಷ. 2023ರ ದೂರಸಂಪರ್ಕ ಕಾಯ್ದೆ ಗ್ರಾಹಕ ಕಾಯ್ದೆಯಡಿ ಪರಿಹಾರ ಕೇಳುವ ಹಕ್ಕನ್ನು ಹಾಗೆಯೇ ಉಳಿಸಿದೆ.

ಗಡಿಯೂರಿನ ರೋಮಿಂಗ್ ಜಗಳ ಈ ನಡುವೆ ತಾನಾಗಿಯೇ ಕರಗಿತು. ಒಳಬರುವ ಕರೆಯ ಗರಿಷ್ಠ ದರ 2013ರಲ್ಲಿ 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. ಅದೇ ವರ್ಷದ ಜೂನ್ 15ರಿಂದ ಬಿಎಸ್‌ಎನ್‌ಎಲ್ ಅದನ್ನು ಪುಕ್ಕಟೆ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮಾತಿಗೆ ದುಡ್ಡೇ ಬೇಡವೆಂದ ಮೇಲೆ ಉಳಿದವರೂ ಬಾಗಿದರು. ಈಗ ಎಣಿಕೆ ನಡೆಯುವುದು ನಿಮಿಷಗಳದ್ದಲ್ಲ, ಜಿಬಿಗಳದ್ದು. ಮೊಮ್ಮಗ ವಿಡಿಯೊ ನೋಡಿ ಮುಗಿಸಿದ ಡೇಟಾ ಎಷ್ಟೆಂದು ಅಜ್ಜಿ ಯಾವ ತಕ್ಕಡಿಯಲ್ಲಿ ತೂಗಿಯಾಳು?

ಈ ನಾಲ್ಕೂ ತಾಲ್ಲೂಕುಗಳಿಗೆ ಜಿಲ್ಲಾ ಗ್ರಾಹಕ ಆಯೋಗ ಇರುವುದು ಮೈಸೂರಿನಲ್ಲಿ. ಡಿ.ಬಿ.ಕುಪ್ಪೆಯವರು ನಾಗರಹೊಳೆ ಕಾಡು ಹಾದು ಬರಬೇಕು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಆನ್‌ಲೈನಿನಲ್ಲಿ ಮೊಬೈಲಿನಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ಕೇಳಬಹುದು. ಅಲ್ಲಿಯೂ ಮೊದಲು ಕೇಳುವ ಪ್ರಶ್ನೆ: ಯಾವ ದಿನ ಕಟ್ಟಾಯಿತು, ಎಷ್ಟು, ಡಾಕೆಟ್ ನಂಬರ್ ಏನು? ಕೈಗೆ ಸಿಕ್ಕ ಪೆನ್ನಿನಲ್ಲಿ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಮನೆಗಳೂ ಇವೆ, ಬೆಳಗಿನ ಮೂರು ಲೀಟರು, ಸಂಜೆಯ ಎರಡೂವರೆ ಲೀಟರಿನ ಪಕ್ಕದಲ್ಲಿ.