ಬಿಟ್ಟಿ

ಖರ್ಚಿಗೆ ಮುಂಚೆ ಖಜಾನೆ ನೋಡಿ ಎನ್ನುವ ನಮ್ಮ ಬಲಪಂಥದವರ ಬಾಯಲ್ಲಿ 2023ರಿಂದಲೂ, ಸಿದ್ದರಾಮಯ್ಯ ಸರ್ಕಾರ ತಂದ ಗ್ಯಾರಂಟಿಗಳನ್ನು ಕುರಿತು, ‘ಬಿಟ್ಟಿ ಭಾಗ್ಯ’ದ್ದೇ ಜಪ. ಆದರೆ ಬಿಟ್ಟಿ ಹುಟ್ಟಿದ್ದು ಪಡೆಯುವವನ ಮನೆಯಲ್ಲಲ್ಲ, ದುಡಿಯುವವನ ಬೆನ್ನ ಮೇಲೆ. ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ಬಿಟ್ಟಿಯಾಯಿತು. ಅರಸನ ಕಡೆಯವರು ಕರೆದಾಗ ಕೂಲಿ ಕೇಳದೆ ಹೋಗಿ ಮಣ್ಣು ಹೊರುವುದು, ಸಾಮಾನು ಸಾಗಿಸುವುದು ಬಿಟ್ಟಿ. ಶಾಸನಗಳಲ್ಲಿ ಅದು ತೆರಿಗೆಗಳ ಸಾಲಿನಲ್ಲೇ ಬರುತ್ತದೆ. ಸಂವಿಧಾನದ 23ನೇ ವಿಧಿ ಇಂಥ ಬೇಗಾರಿಯನ್ನು ನಿಷೇಧಿಸಿತು. ಮಾತು ಮಾತ್ರ ಹೇಗೋ ಮಗುಚಿಕೊಂಡು, ಕಾಸಿಲ್ಲದೆ ದುಡಿದದ್ದು ಹೋಗಿ ಕಾಸಿಲ್ಲದೆ ದಕ್ಕಿದ್ದಾಯಿತು. ‘ಬಿಟ್ಟಿ ಚಾಕರಿ’ಯಲ್ಲಷ್ಟೇ ಹಳೆಯ ಅರ್ಥಕ್ಕೆ ಜೀವವಿದೆ.

ಹುಣಸಮಾರನಹಳ್ಳಿಯಲ್ಲಿ ಬೆಳಗ್ಗೆ ದೇವನಹಳ್ಳಿ ಕಡೆಯ ಸಾದಾ ಬಸ್ಸು ನಿಂತಾಗ ಏರ್‌ಪೋರ್ಟಿನತ್ತ ಕಸ ಗುಡಿಸುವ ಕೆಲಸಕ್ಕೆ ಹೋಗುವ ಹೆಂಗಸರು ಹತ್ತುತ್ತಾರೆ. ಪಕ್ಕದಲ್ಲೇ ಹಾದುಹೋಗುವ ಏರ್‌ಪೋರ್ಟ್ ಬಸ್ಸು ವಾಯುವಜ್ರಕ್ಕೆ, ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಗ್ಯಾರಂಟಿ ಅನ್ವಯಿಸುವುದಿಲ್ಲ. ಒಮ್ಮೆ ಕಂಡಕ್ಟರ್ ಒಬ್ಬಾಕೆಯ ಆಧಾರ್ ನೋಡಿ ಶೂನ್ಯ ಟಿಕೆಟ್ ಕೊಡುವಾಗ ಮುಂದಿನ ಸೀಟಿನವನು ಗೊಣಗಿದ: ‘ಎಲ್ಲಾ ಬಿಟ್ಟಿ ಗಿರಾಕಿಗಳು.’

‘ಯಾವುದಣ್ಣ ಬಿಟ್ಟಿ? ಸೋಪು, ಎಣ್ಣೆ ತಗೊಂಡ್ರೆ ನಾವೂ ಟ್ಯಾಕ್ಸ್ ಕಟ್ಟಲ್ವಾ?’

ಆತ ಕಿಟಕಿ ಕಡೆ ತಿರುಗಿದ. 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ ಬಸ್ ದರ ತೆರುವ ಆತನ ಸಿಟ್ಟು ಸುಳ್ಳಲ್ಲ, ಆದರೆ ಅದನ್ನು ತೀರಿಸಿಕೊಳ್ಳಬೇಕಾದದ್ದು ವಿಧಾನಸೌಧದ ಮುಂದೆ, ಪೊರಕೆ ಹಿಡಿಯಲು ಹೊರಟವಳ ಮುಂದಲ್ಲ. 2025-26ರ ರಾಜ್ಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ₹51,034 ಕೋಟಿ. ಅದೇ ವರ್ಷ ಎತ್ತಲು ಹೊರಟ ಸಾಲ ₹1.16 ಲಕ್ಷ ಕೋಟಿ. ಆ ಸಾಲ ತೀರಿಸುವವರು ಇನ್ನೂ ಶಾಲೆಯಲ್ಲಿದ್ದಾರೆ, ಅವರನ್ನು ಯಾರೂ ಒಂದು ಮಾತು ಕೇಳಿಲ್ಲ. ಕೇಳದೆ ದುಡಿಸಿಕೊಳ್ಳುವುದೇ ತಾನೇ ಹಳೆಯ ಬಿಟ್ಟಿ? ಮೂದಲಿಕೆ ಬಿಟ್ಟು ಈ ಅರ್ಥವನ್ನು ಹಿಡಿದಿದ್ದರೆ ನಮ್ಮ ವಾದಕ್ಕೆ ತೂಕ ಬರುತ್ತಿತ್ತು.

ಆ ಅರ್ಥ ಹಿಡಿಯಲು ನಮಗೂ ಮುಜುಗರ. 2022ರ ಜುಲೈನಲ್ಲಿ ಪ್ರಧಾನಿ ಮೋದಿ ಉಚಿತ ಕೊಡುಗೆಗಳ ‘ರೇವಡಿ’ ಹಂಚುವ ರಾಜಕೀಯದಿಂದ ದೇಶಕ್ಕೆ ಕೇಡು ಎಂದರು. ಮರುವರ್ಷವೇ ಮಧ್ಯಪ್ರದೇಶದ ಬಿಜೆಪಿ ಸರ್ಕಾರ ‘ಲಾಡ್ಲಿ ಬೆಹ್ನಾ’ ತಂದು ಹೆಂಗಸರ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಹಾಕತೊಡಗಿತು. 2024ರಲ್ಲಿ ಮಹಾರಾಷ್ಟ್ರದಲ್ಲಿ ಬಿಜೆಪಿಯಿದ್ದ ಮೈತ್ರಿ ಸರ್ಕಾರ ಅದನ್ನು ಸಾವಿರದೈನೂರಕ್ಕೆ ಏರಿಸಿ ತನ್ನದಾಗಿಸಿಕೊಂಡಿತು. ಅತ್ತ ಅಮೆರಿಕದಲ್ಲಿ 2025ರ ನವೆಂಬರಿನಲ್ಲಿ ಟ್ರಂಪ್, ಆಮದು ಸುಂಕದ ದುಡ್ಡಿನಲ್ಲಿ ಜನರಿಗೆ ತಲಾ ಎರಡು ಸಾವಿರ ಡಾಲರ್ ಕೊಡುವುದಾಗಿ ಹೇಳಿದರು. ಅದಕ್ಕಿಟ್ಟ ಹೆಸರು ಡಿವಿಡೆಂಡ್. ನಮ್ಮವರು ಕೊಟ್ಟರೆ ಲಾಡ್ಲಿ, ದೊಡ್ಡವರು ಕೊಟ್ಟರೆ ಡಿವಿಡೆಂಡ್, ಸಿದ್ದರಾಮಯ್ಯ ಕೊಟ್ಟರೆ ಬಿಟ್ಟಿ.

ಐದು ಗ್ಯಾರಂಟಿಗಳಲ್ಲೊಂದಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರಕ್ಕೆ ಮೂಗು ಮುರಿಯುವ ಗೆಳೆಯರೊಬ್ಬರ ಮುಂದೆ ಇದನ್ನು ಇಟ್ಟೆ. ‘ಟ್ರಂಪ್‌ದು ಬೇರೆ ಲೆಕ್ಕ ಬಿಡಿ’ ಎಂದರು. ಯಾವ ಲೆಕ್ಕ ಎಂದದ್ದಕ್ಕೆ ಎರಡು ಕಾಫಿ ಹೇಳಿದರು. ಬಿಲ್ಲು ಬಂದಾಗ ಅವರ ಫೋನಿಗೂ ಕರೆ ಬಂತು.