ಬಂಡೆಯನ್ನು ಪಾಲುಮಾಡಿದ ಬಗೆ

ಭೂಗರ್ಭದ ಅದಿರನ್ನು ಅಗೆದು ತೆಗೆಯುವ ವಿದ್ಯೆಯನ್ನು ಕುರಿತು ಗ್ರಂಥಗಳು ಹಲವಿದ್ದರೂ, ಅಗೆಯುವುದಕ್ಕೆ ಮೊದಲು ಅದನ್ನು ಕಾಗದದ ಮೇಲೆ ಪಾಲುಮಾಡುವ ವಿದ್ಯೆಗೂ ಒಂದು ಚರಿತ್ರೆಯುಂಟೆಂಬುದು ಗಣಿಯವರಲ್ಲದವರ ಗಮನಕ್ಕೆ ಬರುವುದು ವಿರಳ. ಮೇಲೊಂದು ಕೆಳಗೊಂದು ಸುರಂಗವನ್ನು ಕೊರೆದು, ಅವೆರಡರ ನಡುವೆ ಉಳಿದ ಅದಿರನ್ನು ಒಡೆದು ತೆಗೆಯುವ ತಾಣವನ್ನು ಸ್ಟೋಪ್ ಎನ್ನುತ್ತಾರೆ. ಆ ಸ್ಟೋಪನ್ನು ಯಾವ ಅಳತೆಯಿಂದ ಹೋಳುಮಾಡಬೇಕು, ಯಾವ ಹೋಳು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಗಮನಿಸಿದರೆ, ಅದಿರಿಗೆ ಬೆಲೆಕಟ್ಟುವ ಅಧಿಕಾರವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೂ ಗೋಚರಿಸುತ್ತದೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತಾಮ್ರ ತವರಗಳ ಗಣಿಗಳಲ್ಲಿ, 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಆ ಅಧಿಕಾರದ ಬಹುಭಾಗ ಸ್ವತಃ ಗಣಿಗಾರನದೇ ಆಗಿತ್ತು. ಅದಿರಿನ ಶಿರೆಯನ್ನು ತುಂಡುಗಳಾಗಿ ಗುರುತಿಸಿ, ನಿಯತವಾದ ದಿನದಂದು ಎಲ್ಲರೆದುರು ಗುತ್ತಿಗೆಗೆ ಕೂಗುವುದು ಅಲ್ಲಿಯ ಪದ್ಧತಿ. ಈ ಹರಾಜಿನಲ್ಲಿ ಕೂಗು ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮೇಲ್ವಿಚಾರಕನು ಕೈಯಲ್ಲಿದ್ದ ಹರಳುಕಲ್ಲನ್ನು ಮೇಲಕ್ಕೆಸೆದಾಗ, ಅದು ನೆಲ ಮುಟ್ಟುವುದರೊಳಗೆ ಎಲ್ಲರಿಗಿಂತ ಕಡಿಮೆ ಪಾಲಿಗೆ ಒಪ್ಪಿದವನಿಗೆ ಆ ತುಂಡು ಸಲ್ಲುತ್ತಿತ್ತು. ಅವನ ಸಂಪಾದನೆಯು ತಾನು ತೆಗೆದ ಅದಿರಿನ ಮೌಲ್ಯದಲ್ಲಿ ಒಂದು ಭಾಗವಾದುದರಿಂದ, ಬಂಡೆಯ ಬಣ್ಣವನ್ನೂ ಬಿರುಕನ್ನೂ ನೋಡಿ ಒಳಗಿನ ಸಾರವನ್ನು ಊಹಿಸಬಲ್ಲ ಕಣ್ಣೇ ಅವನ ಬಂಡವಾಳ. ಆ ಗಣಿಗಳ ಆರ್ಥಿಕವ್ಯವಸ್ಥೆಯನ್ನು 1814ರಲ್ಲಿ ಲೇಖನವೊಂದರಲ್ಲಿ ವಿವರಿಸಿದ ಜಾನ್ ಟೇಲರನ ಮನೆತನದ ಸಂಸ್ಥೆಯೇ 1880ರ ಸುಮಾರಿಗೆ ನಮ್ಮ ಕೋಲಾರದ ಚಿನ್ನದ ಗಣಿಗಳ ಆಡಳಿತಕ್ಕೆ ಕೈಯಿಕ್ಕಿತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ಆ ಹರಳುಕಲ್ಲಿನ ಹರಾಜು ಕೋಲಾರಕ್ಕೆ ಬರಲಿಲ್ಲ. ತಮಿಳು ತೆಲುಗು ಸೀಮೆಗಳಿಂದ ಬಂದು ಕಂಟ್ರಾಕ್ಟರರ ಕೈಕೆಳಗೆ ದುಡಿದ ಕೂಲಿಗಳಿಗೆ ಅದಿರಿನ ಮೌಲ್ಯದಲ್ಲಿ ಪಾಲಿರಲಿಲ್ಲ. ಬೆಲೆಕಟ್ಟುವ ಕೆಲಸ ಆಫೀಸಿನದಾಯಿತು. ನೆಟ್ಟಗೆ ಆಳಕ್ಕಿಳಿಯುವ ಚಾಂಪಿಯನ್ ಲೋಡ್ ಎಂಬ ಅಲ್ಲಿಯ ಕಿರಿದಾದ ಶಿರೆಯನ್ನು ಲೆವೆಲ್‌ಗಳೆಂಬ ಅಡ್ಡ ಸುರಂಗಗಳೂ ವಿಂಜ್‌ಗಳೆಂಬ ಕೆಳಮುಖವಾದ ತೋಡುಗಳೂ ಚೌಕಗಳಾಗಿ ಸೀಳುತ್ತಿದ್ದುವು. ಚೌಕದ ಅಂಚುಗಳಿಂದ ಕೆತ್ತಿ ತಂದ ಮಾದರಿಗಳನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನವನ್ನು ತೂಗುತ್ತಿದ್ದರು. ಆ ಸರಾಸರಿಯನ್ನು ಇಡೀ ಚೌಕಕ್ಕೆ ಆರೋಪಿಸುತ್ತಿದ್ದರು. ನಕ್ಷೆಯ ಅಂಕುಡೊಂಕು ಗೆರೆಯ ಒಳಗಿನ ವಿಸ್ತೀರ್ಣವನ್ನು ತಿಳಿಯಲು ಆ ಕಾಲದ ಗಣಿ ಕಚೇರಿಗಳಿಗೆ ಒದಗಿದ್ದ ಸಾಧನ, ಸ್ವಿಟ್ಸರ್ಲೆಂಡಿನ ಆಮ್ಸ್‌ಲರ್ 1854ರಲ್ಲಿ ನಿರ್ಮಿಸಿದ ಪ್ಲ್ಯಾನಿಮೀಟರು. ಲೆಕ್ಕವೇನೋ ಸರಳವೇ. 1,000 ಟನ್ನಿನ ತುಂಡೊಂದು ಬೇಕೆನ್ನೋಣ. ಬಂಡೆಯ ಸಾಂದ್ರತೆ 2.7 ಆದರೆ ಅದರ ಗಾತ್ರ ಸುಮಾರು 370 ಘನಮೀಟರು. ಶಿರೆಯ ದಪ್ಪ 1.2 ಮೀಟರು, ಲೆವೆಲ್‌ಗಳ ಅಂತರ 30 ಮೀಟರು ಇದ್ದಲ್ಲಿ, ಉದ್ದ 10 ಮೀಟರಿಗೆ ತುಸು ಹೆಚ್ಚು. ಶಿರೆ ಎಲ್ಲೆಡೆ ಒಂದೇ ದಪ್ಪವಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಉಬ್ಬಿ, ಸೊರಗಿ, ಮಡಿಚಿ ಸಾಗುವುದರಿಂದ, ಗೆರೆಯನ್ನೆಳೆದು, ಅಳೆದು, ಅಳಿಸಿ, ಮತ್ತೆ ಎಳೆಯುವುದರಲ್ಲಿಯೇ ಗುಮಾಸ್ತನ ದಿನ ಕಳೆಯುತ್ತಿತ್ತು.

ಇಂದು ಆ ಎಳೆದಳಿಸುವ ದುಡಿಮೆಯನ್ನು ಗಣಕಯಂತ್ರವು ಮಾಡುತ್ತದೆ. ದಕ್ಷಿಣ ಆಫ್ರಿಕದ ಡ್ಯಾನಿ ಕ್ರಿಗ 1951ರಲ್ಲಿ ಮಾದರಿಗಳ ಸಂಖ್ಯಾಶಾಸ್ತ್ರವನ್ನು ಪ್ರತಿಪಾದಿಸಿದ ಮೇಲೆ, ಫ್ರಾನ್ಸಿನ ಮಾಥೆರೋನ್ ಅದನ್ನು ಗಣಿತಶಾಸ್ತ್ರವಾಗಿ ಬೆಳೆಸಿದ ಮೇಲೆ, ಇಡೀ ಶಿರೆಯನ್ನು ಸಣ್ಣ ಇಟ್ಟಿಗೆಗಳ ರಾಶಿಯಾಗಿ ಕಲ್ಪಿಸಿ, ಪ್ರತಿಯೊಂದಕ್ಕೂ ಸಾಂದ್ರತೆಯನ್ನೂ ಲೋಹಾಂಶವನ್ನೂ ಅಂದಾಜು ಮಾಡುವುದು ಸಾಧ್ಯವಾಯಿತು. ಗಣಿಯ ಯೋಜಕನು ಟನ್ನುಗಳ ಗುರಿಯನ್ನೂ ಸೀಳಬೇಕಾದ ದಿಕ್ಕನ್ನೂ ನಮೂದಿಸಿದರೆ, ತಂತ್ರಾಂಶವು ಸ್ಟೋಪಿನ ಒಂದು ತುದಿಯಿಂದ ಕಾಲ್ಪನಿಕ ಅಲಗೊಂದನ್ನು ಹಿಂದುಮುಂದಕ್ಕೆ ಸರಿಸಿ, ಗುರಿ ಸಿದ್ಧಿಸಿದಲ್ಲಿ ಕತ್ತರಿಸಿ, ಮುಂದಿನ ತುಂಡಿಗೆ ಹೋಗುತ್ತದೆ. ಕೊನೆಯಲ್ಲಿ ಮಿಕ್ಕ ಅರೆಬರೆ ತುಂಡನ್ನು ನೆರೆಯದಕ್ಕೆ ಸೇರಿಸಬೇಕೋ, ಕೊರತೆಯನ್ನು ಎಲ್ಲಕ್ಕೂ ಹಂಚಬೇಕೋ ಎಂಬುದು ಮಾತ್ರ ಯೋಜಕನ ವಿವೇಚನೆ. ಹೀಗೆ ಸಮನಾದ ತೂಕದ ತುಂಡುಗಳು ದೊರೆಯುತ್ತವೆ, ಸಮನಾದ ಚಿನ್ನವಲ್ಲ. ಅದಿರನ್ನು ಅರೆಯುವ ಯಂತ್ರಗಳಿಗೆ ದಿನದಿನವೂ ಒಂದೇ ಪ್ರಮಾಣದ ಮೇವು ಬೇಕಾದುದರಿಂದ ಟನ್ನು ಗಣಿಯ ನಾಣ್ಯವಾಯಿತೆಂಬುದನ್ನು ಒಪ್ಪಬಹುದಾದರೂ, ಕಾರ್ನ್‌ವಾಲಿನ ಗುತ್ತಿಗೆಗಾರನು ಈ ತುಂಡುಗಳನ್ನು ಕಂಡಿದ್ದರೆ ತೂಕವನ್ನಲ್ಲ, ಸಾರವನ್ನೇ ಮೊದಲು ಕೇಳುತ್ತಿದ್ದನೆಂದು ನನಗೆ ತೋರುತ್ತದೆ.

ಕೋಲಾರದಲ್ಲಿ ತೂಕಕ್ಕೂ ಸಾರಕ್ಕೂ ಮಿಗಿಲಾದ ಮತ್ತೊಂದು ಗಣನೆಯಿತ್ತು. ಕೊನೆಗೆ 3 ಕಿಲೋಮೀಟರನ್ನೂ ಮೀರಿದ ಆ ಗಣಿ ಆಳಕ್ಕಿಳಿಯುತ್ತ ಹೋದಂತೆ, ಎದುರುಬದಿರು ಸಾಗುವ ಎರಡು ಸ್ಟೋಪುಗಳ ನಡುವೆ ಉಳಿದ ಸಣ್ಣ ಕಂಬವು ಸುತ್ತಲಿನ ಭಾರವನ್ನೆಲ್ಲ ತನ್ನ ಮೇಲೆ ಹೊತ್ತು, ಒಮ್ಮೆಲೇ ಸಿಡಿದು, ಮೇಲಿನ ಊರಿನ ಮನೆಗಳನ್ನೂ ನಡುಗಿಸುತ್ತಿತ್ತು. ಆದುದರಿಂದ ತುಂಡುಗಳ ಅಳತೆಗಿಂತ ಅವುಗಳನ್ನು ತೆಗೆಯುವ ಸರದಿಯೇ ಮುಖ್ಯವಾಯಿತು. ತೆಗೆದ ಜಾಗ ಬರಿದಾಗಿ ನಿಲ್ಲಬಾರದೆಂದು, ಮೇಲೆ ಕಡಿದು ಹದಗೊಳಿಸಿದ ಗ್ರಾನೈಟ್ ಕಲ್ಲುಗಳನ್ನು ಶಾಫ್ಟಿನಲ್ಲಿ ಕೆಳಗಿಳಿಸಿ ಗೋಡೆಯಾಗಿ ಕಟ್ಟುತ್ತಿದ್ದರು. ಇಂದಿನ ತಂತ್ರಾಂಶದಲ್ಲಿಯೂ, ಸೀಳುವಿಕೆ ಮುಗಿದ ಮೇಲೆ, ಯಾವ ತುಂಡಿನ ಜಾಗ ತುಂಬಿದ ಬಳಿಕ ಯಾವುದಕ್ಕೆ ಕೈಹಾಕಬಹುದೆಂಬ ನಿಯಮವನ್ನು ಯೋಜಕನೇ ಗೊತ್ತುಮಾಡಬೇಕು. ಅದನ್ನು ಗೊತ್ತುಮಾಡುವಾಗ ಅವನು ಶಿರೆಯ ನಕ್ಷೆಯೊಡನೆ ಹಿಂದಿನ ಸಿಡಿತಗಳ ದಾಖಲೆಯನ್ನೂ ಎದುರಿಗಿಟ್ಟುಕೊಳ್ಳಬೇಕಾಗುತ್ತದೆ.